ಹಳೇ ಬುಲೆಟ್‌ನಿಂದ ಓಲ್ಡ್ ಸ್ಕೂಲ್ ಚಾಪರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳೆಲ್ಲ ಒಂದೇ ಗಾಡಿಯನ್ನು ಮನಸ್ಸಲ್ಲಿಟ್ಟುಕೊಂಡು ಬರೆದವು: ಕಾಸ್ಟ್ ಐರನ್ ಎಂಜಿನ್‌ನ ಹಳೇ ಬುಲೆಟ್ 350. ಬೇರೆ ಗಾಡಿ ಇದ್ದವರಿಗೂ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಓಲ್ಡ್ ಸ್ಕೂಲ್ ಚಾಪರ್ ಅಂದರೆ ಯಾವುದು? ಬಾಬರ್ ಬೇರೆನಾ?

ಎರಡೂ ಒಂದೇ ಮನೆಯವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹುಡುಗರು ಭಾರದ ಹಾರ್ಲೆ, ಇಂಡಿಯನ್ ಗಾಡಿಗಳಿಂದ ಬೇಡದ್ದನ್ನೆಲ್ಲ ಕಿತ್ತು ಎಸೆಯತೊಡಗಿದರು. ಮುಂದಿನ ಮಡ್‌ಗಾರ್ಡ್ ಹೋಯಿತು, ಹಿಂದಿನದು ಗಿಡ್ಡವಾಯಿತು. ಅದು ಬಾಬರ್. ಅರವತ್ತರ ದಶಕದಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ, ಇದೇ ಹುಚ್ಚು ಮುಂದುವರಿಯಿತು. ಎತ್ತರದ ಹ್ಯಾಂಡಲ್, ಕಡಲೆಕಾಯಿ ಆಕಾರದ ಪುಟ್ಟ ಟ್ಯಾಂಕ್, ಹಿಂದೆ ಕೂತವರ ಬೆನ್ನಿಗೆ ಆನಿಕೆಯಾಗುವ ಸಿಸ್ಸಿ ಬಾರ್, ಉದ್ದನೆಯ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕಾಲುಗಳು), ಮಿಂಚುವ ಬಣ್ಣ ಎಲ್ಲ ಸೇರಿದವು. 2000ದ ಆಸುಪಾಸು ಟೀವಿಯಲ್ಲಿ ಬರುತ್ತಿದ್ದ ಅಗಲ ಟೈರಿನ, ದುಬಾರಿ ಗಾಡಿಗಳನ್ನು ಓಲ್ಡ್ ಸ್ಕೂಲ್ ಅನ್ನುವುದಿಲ್ಲ. ಓಲ್ಡ್ ಸ್ಕೂಲ್ ಅಂದರೆ ಕೈಯಲ್ಲಿ ಕಾಸಿಲ್ಲದವರು ಹಳೇ ಸಾಮಾನಿನಲ್ಲಿ ಕಟ್ಟಿಕೊಂಡ ಗಾಡಿ. ಟೈರ್ ಸಣ್ಣ, ಎಂಜಿನ್ ಎದ್ದು ಕಾಣಬೇಕು, ಪ್ಲಾಸ್ಟಿಕ್ ಇರಬಾರದು.

ಫ್ರೇಮ್ ಕತ್ತರಿಸಿ ಮುಂದಿನ ಚಕ್ರವನ್ನು ಆಚೆಗೆ ಚಾಚಬಹುದಾ?

ಬೇಡ. ಕಾರಣ ಎರಡು, ಒಂದು ಕಾನೂನು, ಇನ್ನೊಂದು ಲೆಕ್ಕ. ಕಾನೂನು ಮುಂದೆ ಬರುತ್ತದೆ, ಮೊದಲು ಲೆಕ್ಕ ನೋಡಿ.

ಫೋರ್ಕ್ ಎಷ್ಟು ವಾಲಿದೆ ಅನ್ನುವುದು ರೇಕ್. ಹ್ಯಾಂಡಲ್ ತಿರುಗುವ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಒಂದು ಕಡೆ ಮುಟ್ಟುತ್ತದೆ. ಟೈರು ನೆಲ ಮುಟ್ಟುವುದು ಅದಕ್ಕಿಂತ ಸ್ವಲ್ಪ ಹಿಂದೆ. ಈ ಎರಡರ ನಡುವಿನ ದೂರವೇ ಟ್ರೇಲ್. ಗಾಡಿ ನೆಟ್ಟಗೆ ಓಡುವುದು ಇದರಿಂದಲೇ. ಸಾಮಾನ್ಯ ಬೈಕಿನಲ್ಲಿ ಟ್ರೇಲ್ ಹೆಚ್ಚುಕಡಿಮೆ 90ರಿಂದ 130 ಮಿ.ಮೀ. ಇರುತ್ತದೆ.

ಚಕ್ರದ ರೇಡಿಯಸ್ 320 ಮಿ.ಮೀ., ಫೋರ್ಕ್ ಟಿ (ಫೋರ್ಕಿನ ಎರಡು ಕಾಲುಗಳನ್ನು ಹಿಡಿಯುವ ಕ್ಲಾಂಪ್) ಆಫ್‌ಸೆಟ್, ಅಂದರೆ ತಿರುಗುವ ಕಂಬದಿಂದ ಫೋರ್ಕ್ ಮುಂದಿರುವ ದೂರ, 60 ಮಿ.ಮೀ., ರೇಕ್ 27 ಡಿಗ್ರಿ ಅಂದುಕೊಳ್ಳಿ. ಟ್ರೇಲ್ 96 ಮಿ.ಮೀ. ಬರುತ್ತದೆ. ಈಗ ಫ್ರೇಮಿನ ಕತ್ತು (ಫೋರ್ಕ್ ಕೂರುವ ಜಾಗ) ಕೊಯ್ದು ರೇಕ್ 40 ಡಿಗ್ರಿ ಮಾಡಿ, ಉಳಿದದ್ದು ಹಾಗೇ ಇರಲಿ. ಟ್ರೇಲ್ 190ಕ್ಕೆ ಏರುತ್ತದೆ, ಅಂದರೆ ಸುಮಾರು ಎರಡರಷ್ಟು. ಖಾಲಿ ಹೈವೇಯಲ್ಲಿ ರೈಲಿನ ಹಾಗೆ ಹೋಗುತ್ತದೆ, ಸರಿ. ಆದರೆ ಸಿಗ್ನಲ್‌ನಲ್ಲಿ ನಿಧಾನ ಮಾಡಿದ ಕೂಡಲೇ ಹ್ಯಾಂಡಲ್ ಒಂದು ಕಡೆಗೆ ಧೊಪ್ಪನೆ ಬೀಳುತ್ತದೆ. ಯೂ ಟರ್ನ್ ಅಂತೂ ಕೇಳಲೇಬೇಡಿ. ಇದನ್ನು ಸರಿಪಡಿಸಲು ಬೇರೆ ಕೋನದ ಫೋರ್ಕ್ ಟಿ ಬೇಕು. ಅದನ್ನು ಲೆಕ್ಕ ಹಾಕಿ ಮಾಡಿಸದೆ ಕಣ್ಣಂದಾಜಿನಲ್ಲಿ ಕತ್ತು ಕೊಯ್ಯುವವರೇ ಜಾಸ್ತಿ.

ಇನ್ನೊಂದು ವಿಷಯ. ಹಳೇ ಬುಲೆಟ್‌ನಲ್ಲಿ ಮುಂದಿನ ಪೈಪು ಎಂಜಿನ್ನಿನ ಎದೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಎಂಜಿನ್ನೇ ಫ್ರೇಮಿನ ಭಾಗವಾಗಿ ಭಾರ ಹೊರುತ್ತದೆ. ಹಾಗಾಗಿ ಕತ್ತಿನ ಹತ್ತಿರ ಮಾಡಿದ ಕಳಪೆ ವೆಲ್ಡಿಂಗ್‌ಗೆ ಬೀಳುವ ಪೆಟ್ಟನ್ನು ಹಂಚಿಕೊಳ್ಳಲು ಬೇರೆ ಪೈಪ್ ಇಲ್ಲ. ವೆಲ್ಡಿಂಗ್ ಬಿಟ್ಟಿತು ಅಂದರೆ ಮುಂದಿನ ಚಕ್ರ ಒಂದು ಕಡೆ, ನೀವು ಇನ್ನೊಂದು ಕಡೆ.

ಫ್ರೇಮ್ ಮುಟ್ಟದೆ ಚಾಪರ್ ಹೇಗಾಗುತ್ತೆ?

ಚೆನ್ನಾಗಿಯೇ ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಬೆಟ್ಟಗುಡ್ಡದ ಊರು, ರಸ್ತೆಗಳು ಇಕ್ಕಟ್ಟು, ಟ್ರಾಫಿಕ್ ಜಾಸ್ತಿ. ಅಲ್ಲಿನವರಿಗೆ ಉದ್ದ ಮೂತಿಯ ಗಾಡಿ ಕೆಲಸಕ್ಕೆ ಬರುತ್ತಿರಲಿಲ್ಲ. ಅವರು ಕಂಪನಿಯ ಕತ್ತನ್ನು ಹಾಗೇ ಬಿಟ್ಟರು. ಸಣ್ಣ ಟ್ಯಾಂಕನ್ನು ಬೆನ್ನೆಲುಬಿನ ಪೈಪಿನ ಮೇಲೆ ಎತ್ತರಕ್ಕೆ ಕೂರಿಸಿದರು. ಹ್ಯಾಂಡಲ್ ಎತ್ತರ, ಆದರೆ ಕಿರಿದು. ಕಾಲಿಡುವ ಜಾಗ ಗಾಡಿಯ ನಡುವಲ್ಲೇ. ಇದಕ್ಕೆ ಫ್ರಿಸ್ಕೋ ಸ್ಟೈಲ್ ಅನ್ನುತ್ತಾರೆ. ಬೆಂಗಳೂರು, ಮಂಗಳೂರು, ಮಡಿಕೇರಿಯ ರಸ್ತೆಗೆ ಇದಕ್ಕಿಂತ ಒಪ್ಪುವ ಚಾಪರ್ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಉತ್ತರಗಳೆಲ್ಲ ಈ ಬಗೆಯ ಗಾಡಿಗೆ ಹೊಂದುವಂತೆಯೇ ಇವೆ.

ಚಾಪರ್‌ನ ಅಂದ ಇರುವುದು ಗೆರೆಯಲ್ಲಿ. ಪಕ್ಕದಿಂದ ನಿಂತು ನೋಡಿ. ಬುಲೆಟ್‌ನ ದೊಡ್ಡ ಟ್ಯಾಂಕು, ದಪ್ಪ ಸೀಟು, ಎರಡೂ ಕಡೆಯ ಟೂಲ್ ಬಾಕ್ಸ್, ಅಗಲ ಮಡ್‌ಗಾರ್ಡ್ ತೆಗೆದರೆ ಸಾಕು, ಎಂಜಿನ್ನಿನ ಸುತ್ತ ಗಾಳಿ ಆಡುತ್ತದೆ. ಅರ್ಧ ಚಾಪರ್ ಅಲ್ಲಿಗೇ ಬಂತು.

ಕಾನೂನು ನಿಜವಾಗಿ ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 'ಪ್ರತಿ ಬದಲಾವಣೆಗೂ' ಅನ್ನುವುದನ್ನು ಗಮನಿಸಿ.

ಚಾಸಿ, ಅಂದರೆ ಫ್ರೇಮ್ ಕತ್ತರಿಸುವುದು, ಬೇರೆ ಸಾಮರ್ಥ್ಯದ ಎಂಜಿನ್ ಕೂರಿಸುವುದು ನೇರವಾಗಿ ತಪ್ಪು. ಬಣ್ಣ ಬದಲಿಸಿದರೆ ಆರ್‌ಟಿಒಗೆ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಎಂಜಿನ್ ಕೆಟ್ಟು ಅದೇ ಬಗೆಯ ಇನ್ನೊಂದನ್ನು ಹಾಕಲೂ ಮೊದಲು ಅನುಮತಿ ಬೇಕು. ಹ್ಯಾಂಡಲ್, ಸೀಟು, ಟ್ಯಾಂಕುಗಳ ವಿಷಯದಲ್ಲಿ ನೋಡುವ ಅಧಿಕಾರಿಯ ಮನಸ್ಸಿನ ಮೇಲೂ ಹೋಗುತ್ತದೆ. ಅದಕ್ಕೇ ಒಂದು ಮಾತು: ಕೆಲಸ ಶುರು ಮಾಡುವ ಮುಂಚೆ ನಿಮ್ಮ ಆರ್‌ಟಿಒ ಇನ್‌ಸ್ಪೆಕ್ಟರ್ ಹತ್ತಿರ ಒಂದು ಸಲ ಮಾತಾಡಿ. ಬ್ರೋಕರ್ ಹೇಳಿದ 'ಏನೂ ಆಗಲ್ಲ ಸಾರ್' ಲೆಕ್ಕಕ್ಕಿಲ್ಲ. ಕಿತ್ತ ಒರಿಜಿನಲ್ ಸಾಮಾನು ಒಂದನ್ನೂ ಮಾರಬೇಡಿ. ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಹೊತ್ತಿಗೆ ವಾಪಸ್ ಹಾಕಬೇಕಾಗಿ ಬರಬಹುದು.

ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಹೇಳದೇ ಮಾಡಿದ ಬದಲಾವಣೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಒಳ್ಳೇ ನೆಪ.

ಬುಲೆಟ್ಟೇ ಯಾಕೆ? ನಮ್ಮನೇಲಿ ಯೆಜ್ಡಿ ಇದೆ.

ಯೆಜ್ಡಿ ಇದ್ದರೆ ದಯವಿಟ್ಟು ಗರಗಸ ದೂರ ಇಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಗಳು ಇದ್ದಷ್ಟೇ, ಮತ್ತೆ ಹುಟ್ಟುವುದಿಲ್ಲ. ಯಮಹಾ ಆರ್‌ಎಕ್ಸ್ 100 ಕೂಡ ಹಾಗೇ. ಒರಿಜಿನಲ್ ಆಗಿ ಉಳಿಸಿಕೊಂಡರೇ ಅವಕ್ಕೆ ಬೆಲೆ, ಗೌರವ ಎರಡೂ.

ಬುಲೆಟ್ ಕಥೆ ಬೇರೆ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗಿನಿಂದ ಅದೇ ಮೂಲ ವಿನ್ಯಾಸ ದಶಕಗಟ್ಟಲೆ ನಡೆಯಿತು. ಸಾಮಾನು ಊರೂರಲ್ಲಿ ಸಿಗುತ್ತದೆ. ಬೋರ್ 70, ಸ್ಟ್ರೋಕ್ 90 ಮಿ.ಮೀ.ನ ಉದ್ದ ಸಿಲಿಂಡರ್ ನೆಟ್ಟಗೆ ನಿಂತಿರುತ್ತದೆ, ಗೇರ್‌ಬಾಕ್ಸ್ ಬೇರೆಯೇ ಇರುತ್ತದೆ. ಅರವತ್ತರ ದಶಕದ ನೋಟ ತಂತಾನೇ ಬರುತ್ತದೆ. ಹಾಗಂತ ಪೂರ್ತಿ ಒರಿಜಿನಲ್ ಇರುವ, ಒಬ್ಬರೇ ಮಾಲೀಕರ ಹಳೇ ಬುಲೆಟ್ ಸಿಕ್ಕರೆ ಅದನ್ನೂ ಬಿಚ್ಚಬೇಡಿ. ಆಗಲೇ ಯಾರೋ ಟ್ಯಾಂಕು, ಮಡ್‌ಗಾರ್ಡ್ ಬದಲಿಸಿ ಕೆಡಿಸಿದ, ಆದರೆ ಕಾಗದಪತ್ರ ಸರಿಯಿರುವ ಗಾಡಿ ಹುಡುಕಿ.

ಬಜಾಜ್ ಅವೆಂಜರ್, ಥಂಡರ್‌ಬರ್ಡ್‌ನಂಥ ಗಾಡಿಗಳು ಹುಟ್ಟಿನಿಂದಲೇ ಕ್ರೂಸರ್. ಕಡಿಮೆ ಕೆಲಸದಲ್ಲಿ ಚೆಂದ ಕಾಣುತ್ತವೆ. ಓಲ್ಡ್ ಸ್ಕೂಲ್ ಅನ್ನಿಸುವುದು ಕಷ್ಟ.

ಹಳೇ ಗಾಡಿ ಕೊಳ್ಳುವಾಗ ಏನು ನೋಡಬೇಕು?

ಮೊದಲು ಆರ್‌ಸಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಉಜ್ಜಿ ತೆಗೆದು ಆರ್‌ಸಿ ಜೊತೆ ಹೋಲಿಸಿ. ಅಕ್ಷರ ಕೆತ್ತಿ ತಿದ್ದಿದ ಹಾಗಿದ್ದರೆ ಎದ್ದು ಬನ್ನಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಹಳೇ ದಂಡ, ಸಾಲ, ಎಫ್‌ಸಿ ತಾರೀಖು ಗೊತ್ತಾಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಆಗಿರಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಬೇರೆ ಆರ್‌ಟಿಒ ಗಾಡಿಯಾದರೆ 28ರ ಎನ್‌ಒಸಿ. ಖಾಲಿ ಫಾರಂ ಮೇಲೆ ಸಹಿ ಹಾಕಿಸಿಕೊಂಡು 'ಆಮೇಲೆ ಮಾಡಿಸಿಕೊಳ್ಳೋಣ' ಅಂತ ಬಿಟ್ಟರೆ ಮಾರಿದವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಹೆಸರಿಗೆ ಬಂದ ಮೇಲೇ ಸ್ಪ್ಯಾನರ್ ಹಿಡಿಯಿರಿ.

ಆಮೇಲೆ ಗಾಡಿ. ತಣ್ಣಗಿರುವಾಗಲೇ ನಿಮ್ಮ ಕೈಯಲ್ಲಿ, ಅಲ್ಲಲ್ಲ, ಕಾಲಲ್ಲಿ ಸ್ಟಾರ್ಟ್ ಮಾಡಿ. ಆಂಪಿಯರ್ ಮುಳ್ಳು ನಡುವಿಗೆ ಬರುವವರೆಗೆ ನಿಧಾನ ಕಿಕ್ಕರ್ ಒತ್ತಿ, ಡಿಕಂಪ್ರೆಷನ್ ಲಿವರ್ ಹಿಡಿದು ಸ್ವಲ್ಪ ದಾಟಿಸಿ, ಬಿಟ್ಟು ಒದೆಯಿರಿ. ಕಿಕ್ಕರ್ ಸುಮ್ನೆ ಕೆಳಗೆ ಬಿದ್ದರೆ ಕಂಪ್ರೆಷನ್ ಇಲ್ಲ. ಕೆಳಗಿನಿಂದ ಧಡಧಡ ಅನ್ನುವ ಗಡುಸು ಸದ್ದು ಬಂದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್) ಹೋಗಿದೆ, ಕ್ರ್ಯಾಂಕ್ ಕೆಲಸ ಬಂತು. ಮೇಲಿನ ಟಿಕಟಿಕ ಟ್ಯಾಪೆಟ್‌ದು, ಅದಕ್ಕೆ ಹೆದರಬೇಡಿ. ಆಯಿಲ್ ಜಿನುಗದ ಹಳೇ ಬುಲೆಟ್ ಇದ್ದರೆ ಒಳಗೆ ಆಯಿಲ್ ಇದೆಯಾ ಅಂತ ಮೊದಲು ನೋಡಿ.

ಫ್ರೇಮಿನ ಕತ್ತು, ಸ್ವಿಂಗ್ ಆರ್ಮ್ ಕೂರುವ ಜಾಗ, ಸ್ಟ್ಯಾಂಡಿನ ಹತ್ತಿರ ಹಳೇ ವೆಲ್ಡಿಂಗ್ ಇದೆಯಾ ಟಾರ್ಚ್ ಬಿಟ್ಟು ನೋಡಿ. ಯಾರನ್ನಾದರೂ ಗಾಡಿ ಓಡಿಸಲು ಹೇಳಿ ಹಿಂದಿನಿಂದ ನೋಡಿದರೆ ಎರಡು ಚಕ್ರವೂ ಒಂದೇ ಗೆರೆಯಲ್ಲಿವೆಯಾ ತಿಳಿಯುತ್ತದೆ.

ಯಾವ ಕೆಲಸ ಮೊದಲು?

ಎಂಜಿನ್, ಬ್ರೇಕ್ ಮೊದಲು. ನೋಟ ಆಮೇಲೆ. ಬಣ್ಣ ಕಟ್ಟಕಡೆಗೆ. ಟ್ಯಾಂಕು, ಸೀಟು, ಮಡ್‌ಗಾರ್ಡ್, ಹ್ಯಾಂಡಲ್ ಎಲ್ಲವನ್ನೂ ಬಣ್ಣವಿಲ್ಲದ ಬರೀ ತಗಡಿನಲ್ಲೇ ಪೂರ್ತಿ ಜೋಡಿಸಿ, ಕೆಲವು ವಾರ ಓಡಿಸಿ. ಎಲ್ಲಿ ಉಜ್ಜುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಎಲ್ಲಿ ಮೊಣಕಾಲು ತಾಗುತ್ತದೆ ಆಗ ಗೊತ್ತಾಗುತ್ತದೆ. ತಿದ್ದಿ, ಮತ್ತೆ ಬಿಚ್ಚಿ, ಆಮೇಲೆ ಪೇಂಟರ್ ಹತ್ತಿರ ಹೋಗಿ. ಬಣ್ಣ ಹೊಡೆದ ಮೇಲೆ ಬ್ರಾಕೆಟ್ ವೆಲ್ಡ್ ಮಾಡುವ ಗತಿ ಬಂದರೆ ದುಡ್ಡು, ಮನಸ್ಸು ಎರಡೂ ಸುಟ್ಟುಹೋಗುತ್ತವೆ.

ಟ್ಯಾಂಕ್ ಎಲ್ಲಿಂದ ತರುವುದು?

ರೆಡಿ ಪೀನಟ್ (ಕಡಲೆಕಾಯಿ ಆಕಾರದ) ಟ್ಯಾಂಕ್ ಸಿಗುತ್ತವೆ. ಸುಮಾರು 8 ಲೀಟರ್ ಹಿಡಿಯುತ್ತದೆ. ಲೀಟರಿಗೆ 30 ಕಿ.ಮೀ. ಅಂದರೂ 240 ಕಿ.ಮೀ. ಆಯಿತು, ಸಾಕಲ್ವಾ. ಇಲ್ಲದಿದ್ದರೆ ಹಳೇ ಮೊಪೆಡ್ಡಿನ, ಸಣ್ಣ ಬೈಕಿನ ಟ್ಯಾಂಕ್ ಗುಜರಿಯಲ್ಲಿ ಹುಡುಕಿ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ ಗೊತ್ತೇ ಇದೆ. ಅಳತೆಪಟ್ಟಿ ಜೇಬಲ್ಲಿರಲಿ. ಟ್ಯಾಂಕಿನ ಹೊಟ್ಟೆಯ ಸಂದು ಬುಲೆಟ್‌ನ ಮೇಲಿನ ಪೈಪಿಗೆ ಕೂರಬೇಕು.

ಹಳೇ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವುದು ಈ ಇಡೀ ಕೆಲಸದಲ್ಲೇ ಹೆಚ್ಚು ಅಪಾಯದ್ದು. ಪೆಟ್ರೋಲ್ ಖಾಲಿ ಮಾಡಿದರೂ ಒಳಗೆ ಆವಿ ಇರುತ್ತದೆ, ಅದು ಬಾಂಬಿನ ಹಾಗೆ ಸಿಡಿಯುತ್ತದೆ. ಸೋಪು ನೀರಲ್ಲಿ ಹಲವು ಸಲ ತೊಳೆದು, ವೆಲ್ಡ್ ಮಾಡುವ ಜಾಗವೊಂದು ಬಿಟ್ಟು ಉಳಿದಷ್ಟಕ್ಕೂ ನೀರು ತುಂಬಿಸಿ, ಮುಚ್ಚಳ ತೆಗೆದಿಟ್ಟು ಮಾಡಿಸಬೇಕು. ಟ್ಯಾಂಕ್ ಕೆಲಸವನ್ನೇ ಮಾಡುವವರಿಗೆ ಕೊಡಿ, ಗೇಟು ಕಿಟಕಿ ಮಾಡುವವರಿಗೆ ಬೇಡ.

ಕೂರಿಸುವಾಗ ಎಲ್ಲ ಬೋಲ್ಟಿಗೂ ದಪ್ಪ ರಬ್ಬರ್ ಬುಷ್ ಕೊಡಿ. ಒಂಟಿ ಸಿಲಿಂಡರಿನ ನಡುಕಕ್ಕೆ ರಬ್ಬರ್ ಇಲ್ಲದ ಟ್ಯಾಂಕ್ ಬೇಗ ಸೀಳುತ್ತದೆ. ಎತ್ತರಕ್ಕೆ ಕೂರಿಸಿದರೂ ಪೆಟ್ರೋಲ್ ಕಾಕ್ ಕಾರ್ಬೊರೇಟರಿಗಿಂತ ಮೇಲೇ ಇರಲಿ, ಪೈಪು ಎಲ್ಲೂ ಮೇಲಕ್ಕೆ ಸುತ್ತದಿರಲಿ.

ಏಪ್ ಹ್ಯಾಂಗರ್, ಅಂದರೆ ಎತ್ತರದ ಹ್ಯಾಂಡಲ್, ಎಷ್ಟು ಎತ್ತರ ಇರಬಹುದು?

ಹಿಡಿ ನಿಮ್ಮ ಭುಜಕ್ಕಿಂತ ಮೇಲೆ ಹೋಗದಿರಲಿ. ಭುಜ ದಾಟಿದರೆ ಕೈಗೆ ರಕ್ತ ಸರಿಯಾಗಿ ಏರದೆ ಜೋಮು ಹಿಡಿಯುತ್ತದೆ, ತಿರುವಿನಲ್ಲಿ ಹಿಡಿತವೂ ಸಿಗದು. ಕಿರಿದಾದ, ಹತ್ತು ಇಂಚಿನ ಆಸುಪಾಸಿನ ಹ್ಯಾಂಡಲ್ ಬುಲೆಟ್ ಮೇಲೆ ಚೆನ್ನಾಗಿ ಕಾಣುತ್ತದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಕೇಬಲ್ ಎಲ್ಲ ಉದ್ದದ್ದು ಮಾಡಿಸಬೇಕು. ಹಾಕಿದ ಮೇಲೆ ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ತಾನಾಗೇ ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ.

ಹಿಂದಿನ ಶಾಕ್ ತೆಗೆದು ಕಬ್ಬಿಣದ ಸಲಾಕೆ ಹಾಕಿದರೆ ಹಾರ್ಡ್‌ಟೇಲ್ ಆಗುತ್ತಲ್ವಾ?

ನೋಡಲಿಕ್ಕೆ ಆಗುತ್ತದೆ. ನಿಜವಾದ ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕ್ ಇಲ್ಲದ ಫ್ರೇಮಿನಲ್ಲಿ ತ್ರಿಕೋನದ ಪೈಪುಗಳು ಹೊಡೆತವನ್ನು ಹಂಚಿಕೊಳ್ಳುತ್ತವೆ. ಇಲ್ಲಿ ಎಲ್ಲ ಪೆಟ್ಟೂ ಶಾಕ್‌ನ ಮೇಲಿನ ಬೋಲ್ಟಿಗೆ, ಸ್ವಿಂಗ್ ಆರ್ಮ್ ಬುಷ್‌ಗೆ ನೇರ ಬೀಳುತ್ತದೆ. ಶಾಕ್ ಇರುತ್ತದೆ ಎಂದುಕೊಂಡು ಮಾಡಿದ ಜಾಗಗಳವು. ನಮ್ಮ ಹಂಪು, ಗುಂಡಿಗೆ ಎಷ್ಟು ದಿನ ತಡೆದಾವು? ಒಂದು ಇಂಚು ಗಿಡ್ಡ ಶಾಕ್ ಹಾಕಿ ಹಿಂಬದಿ ಇಳಿಸಿ, ಸಾಕು. ಟೈರು ಮಡ್‌ಗಾರ್ಡಿಗೆ ತಾಗುತ್ತಾ, ಸೈಲೆನ್ಸರ್ ಹಂಪಿಗೆ ಹೊಡೆಯುತ್ತಾ ಇಬ್ಬರನ್ನು ಕೂರಿಸಿ ನೋಡಿ.

ಬ್ರೇಕ್, ಚಕ್ರ?

ಆಗಿನ ಎಷ್ಟೋ ಚಾಪರ್‌ಗಳಲ್ಲಿ ಮುಂದಿನ ಬ್ರೇಕೇ ಇರಲಿಲ್ಲ. ಅದು ಓಲ್ಡ್ ಸ್ಕೂಲ್ ಅಲ್ಲ, ಬರೀ ದಡ್ಡತನ. ಹಳೇ ಬುಲೆಟ್‌ನ 6 ಇಂಚಿನ ಮುಂದಿನ ಡ್ರಮ್ ಮೊದಲೇ ಸೋಮಾರಿ. ಆಮೇಲಿನ ಬುಲೆಟ್‌ಗಳಲ್ಲಿ ಬಂದ 7 ಇಂಚಿನ, ಎರಡು ಕ್ಯಾಮ್‌ನ ಡ್ರಮ್ ಸಿಕ್ಕರೆ ಹಾಕಿಸಿ. ನೋಟವೂ ಕೆಡುವುದಿಲ್ಲ. ಡ್ರಮ್ಮನ್ನು ಲೇತ್‌ನಲ್ಲಿ ಹಗುರಾಗಿ ಸವರಿಸಿ, ಹೊಸ ಲೈನರ್ ಹಾಕಿಸಿ, ಅದು ಡ್ರಮ್ಮಿಗೆ ಸರಿಯಾಗಿ ಕೂರುವಂತೆ ಮಾಡಿಕೊಂಡರೆ ಫರಕು ಕೈಗೇ ತಿಳಿಯುತ್ತದೆ. ಚಕ್ರ ಕಂಪನಿಯ 19 ಇಂಚಿನದೇ ಇರಲಿ. ಕಿರಿದಾದ 19 ಇಂಚಿನ ಟೈರೇ ಫ್ರಿಸ್ಕೋ ಸ್ಟೈಲಿಗೆ ಒಪ್ಪುತ್ತದೆ. ಹಿಂದೆ ಅಗಲ ಟೈರ್ ತುರುಕಿದರೆ ಚೈನ್ ಉಜ್ಜುತ್ತದೆ.

ಎಂಜಿನ್ ಎಷ್ಟರ ಮಟ್ಟಿಗೆ ಬಿಚ್ಚಬೇಕು?

ಹೊಗೆ, ಸದ್ದು ನೋಡಿ ತೀರ್ಮಾನ. ನೀಲಿ ಹೊಗೆ ಬಂದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್. ಬಿಗ್ ಎಂಡ್ ಸರಿಯಿದ್ದರೆ ಕೆಳಗಿನ ಅರ್ಧ ಮುಟ್ಟಬೇಡಿ. ಆಯಿಲ್ ಪಂಪು, ಅದನ್ನು ತಿರುಗಿಸುವ ವರ್ಮ್ ಮಾತ್ರ ತೆಗೆದು ನೋಡಲೇಬೇಕು, ಅದು ಹೋದರೆ ಎಲ್ಲ ಹೋಯಿತು. ಟ್ಯಾಪೆಟ್ ಸೆಟ್ಟಿಂಗ್ ಎಂಜಿನ್ ತಣ್ಣಗಿದ್ದಾಗ: ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಕಿಡಿ ಹೊತ್ತಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿ.ಮೀ. ಪವರ್ ಹೆಚ್ಚಿಸುವ ಆಸೆ ಬೇಡ. 18 ಕುದುರೆ ಶಕ್ತಿ ಸಾಕು, ಭಾರ ಕಡಿಮೆಯಾದ್ದರಿಂದ ಗಾಡಿ ತಾನಾಗೇ ಚುರುಕಾಗುತ್ತದೆ.

ವೈರಿಂಗ್?

ಹಳೇದನ್ನು ಕಿತ್ತು ಹೊಸದಾಗಿ ಎಳೆಯಿರಿ. ತೇಪೆ ಹಾಕಬೇಡಿ. 12 ವೋಲ್ಟ್, ಬ್ಯಾಟರಿ ಹತ್ತಿರವೇ ಫ್ಯೂಸ್, ಫ್ರೇಮನ್ನು ನಂಬದೆ ಅರ್ಥಿಂಗ್‌ಗೆ ಬೇರೆ ವೈರ್. ಬ್ಯಾಟರಿಯನ್ನು ಸೀಟಿನ ಕೆಳಗೆ ಸಣ್ಣ ತಗಡಿನ ಡಬ್ಬಿಯಲ್ಲಿ ಅಡಗಿಸಬಹುದು. ಇಂಡಿಕೇಟರ್, ಎರಡೂ ಕನ್ನಡಿ, ಹಾರ್ನ್, ಬ್ರೇಕ್ ಲೈಟ್ ಇರಲೇಬೇಕು. ನಂಬರ್ ಪ್ಲೇಟ್ ಪಕ್ಕಕ್ಕೆ ಅಡ್ಡಡ್ಡ ಕೂರಿಸುವ ಫ್ಯಾಷನ್ ನಮ್ಮಲ್ಲಿ ನಡೆಯುವುದಿಲ್ಲ.

ಸೈಲೆನ್ಸರ್ ಖಾಲಿ ಪೈಪ್ ಇದ್ದರೇ ಮಜಾ ಅಲ್ವಾ?

ಮಜಾ ನಿಮಗೆ, ತಲೆನೋವು ಪಕ್ಕದ ಮನೆಯವರಿಗೆ. ಸದ್ದು, ಹೊಗೆಯ ಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಇದೆ. ಪೊಲೀಸರು ಕಿತ್ತ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೋ ನೀವೂ ನೋಡಿರುತ್ತೀರಿ. ಇನ್ನೊಂದು, ಖಾಲಿ ಪೈಪ್ ಹಾಕಿ ಕಾರ್ಬೊರೇಟರ್ ಜೆಟ್ ಬದಲಿಸದಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯೇರುತ್ತದೆ. ಒಳಗೆ ಜಾಲರಿ ಇರುವ ಉದ್ದನೆಯ ಸೈಲೆನ್ಸರ್ ಹಾಕಿ. ಬುಲೆಟ್‌ನ ಡುಗುಡುಗು ಅದರಲ್ಲೂ ಚೆನ್ನಾಗೇ ಕೇಳಿಸುತ್ತದೆ.

ಹಿಂದೆ ಒಬ್ಬರು ಕೂರಲು ಜಾಗ ಬೇಕಾ?

ಬೇಕು. ಆರ್‌ಸಿಯಲ್ಲಿ ಸೀಟು ಎರಡು ಅಂತ ಇರುತ್ತದೆ. ಒಂಟಿ ಸೀಟು ಮಾಡಿದರೆ ಅದೂ ಒಂದು ವ್ಯತ್ಯಾಸವೇ. ಮುಂದೆ ತಗ್ಗಿನ ಸೀಟು, ಹಿಂದೆ ಮಡ್‌ಗಾರ್ಡ್ ಮೇಲೆ ಏರಿದ ಸಣ್ಣ ಸೀಟು, ಬೆನ್ನಿಗೆ ಸಿಸ್ಸಿ ಬಾರ್ ಕೊಟ್ಟರೆ ಅಚ್ಚ ಎಪ್ಪತ್ತರ ದಶಕದ ನೋಟ. ಕೇಂದ್ರ ಮೋಟಾರು ವಾಹನ ನಿಯಮ 123ರಂತೆ ಹಿಂದೆ ಕೂತವರಿಗೆ ಹಿಡಿ, ಕಾಲಿಡಲು ಜಾಗ ಬೇಕು. ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಮುಚ್ಚುವ ಸೀರೆ ಗಾರ್ಡ್ ಕೂಡ ಇರಬೇಕು. ತೆಳು ಸಲಾಕೆಯಲ್ಲಿ ಚೆಂದದ್ದೊಂದನ್ನು ನೀವೇ ಮಾಡಿಸಬಹುದು.

ಬಣ್ಣ, ಕ್ರೋಮ್?

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವುದಾದರೆ ಚಾಸಿ ನಂಬರ್ ಮೇಲೆ ಟೇಪ್ ಹಾಕಿಸಿ. ದಪ್ಪ ಕೋಟಿಂಗ್ ಕೆಳಗೆ ನಂಬರ್ ಮುಚ್ಚಿಹೋದರೆ ಎಫ್‌ಸಿಯಲ್ಲಿ ಕಷ್ಟ. ಬೇರಿಂಗ್ ಕೂರುವ ಜಾಗಗಳನ್ನೂ ಮುಚ್ಚಿಸಿ. ಆಕ್ಸಲ್, ಫೋರ್ಕ್ ಟಿ ಬೋಲ್ಟ್‌ಗಳಂಥ ಭಾರ ಹೊರುವ ಗಟ್ಟಿ ಉಕ್ಕಿನ ಸಾಮಾನಿಗೆ ಕ್ರೋಮ್ ಬೇಡ, ಪ್ಲೇಟಿಂಗ್ ಹೊತ್ತಿನಲ್ಲಿ ಹೈಡ್ರೋಜನ್ ಒಳಸೇರಿ ಲೋಹ ಪೆಡಸಾಗುತ್ತದೆ. ಕ್ರೋಮ್ ಮಿಂಚೆಲ್ಲ ಹ್ಯಾಂಡಲ್, ಹೆಡ್‌ಲೈಟ್, ಸಿಸ್ಸಿ ಬಾರ್‌ಗಿರಲಿ.

ಎಷ್ಟು ಖರ್ಚಾಗುತ್ತೆ?

ಗಾಡಿಗೆ ಕೊಟ್ಟಷ್ಟೇ ದುಡ್ಡನ್ನು ಮತ್ತೆ ಪಕ್ಕಕ್ಕೆ ಇಟ್ಟುಕೊಂಡೇ ಶುರು ಮಾಡಿ. ಕಣ್ಣಿಗೆ ಕಾಣುವ ಸಾಮಾನಿಗಿಂತ ಎಂಜಿನ್, ಲೇತ್, ಕೇಬಲ್, ಬುಷ್, ಬೋಲ್ಟು ಅಂತ ಸಣ್ಣಪುಟ್ಟದ್ದಕ್ಕೇ ಜಾಸ್ತಿ ಹೋಗುತ್ತದೆ. ಮಾರುವಾಗ ಈ ದುಡ್ಡು ವಾಪಸ್ ಬರುವುದಿಲ್ಲ.

ನಾನು ವಿದೇಶದಲ್ಲಿದ್ದೇನೆ, ಅಲ್ಲಿ ಹೇಗೆ?

ಅಮೆರಿಕದಲ್ಲಿ ಯಮಹಾ ಎಕ್ಸ್‌ಎಸ್ 650, ಹೋಂಡಾ ಸಿಬಿ 750, 1985ರವರೆಗೆ ಬಂದ ಐರನ್‌ಹೆಡ್ ಸ್ಪೋರ್ಟ್‌ಸ್ಟರ್ ಈ ಕೆಲಸಕ್ಕೆ ಹೆಸರುವಾಸಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಜರ್ಮನಿಯಲ್ಲಿ ಟಿಯುವಿಯಂಥ ಸಂಸ್ಥೆಗಳ ತಪಾಸಣೆಯಾಗಿ ಕಾಗದದಲ್ಲಿ ಸೇರಬೇಕು. ಬ್ರಿಟನ್‌ನಲ್ಲಿ ಫ್ರೇಮ್ ಕತ್ತರಿಸಿದರೆ ಎಂಎಸ್‌ವಿಎ ಅನ್ನುವ, ಒಂದೊಂದೇ ಗಾಡಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಪರೀಕ್ಷೆ ಎದುರಾಗಬಹುದು. ಅಲ್ಲೂ ಕತ್ತು ಮುಟ್ಟದ ಗಾಡಿಗೇ ತೊಂದರೆ ಕಡಿಮೆ.

ಎಲ್ಲ ಮುಗಿಯಿತು. ಮೊದಲ ಸಲ ಎಷ್ಟು ದೂರ ಓಡಿಸಲಿ?

ಮನೆ ಸುತ್ತ ಹತ್ತು ಕಿ.ಮೀ., ಜೇಬಲ್ಲಿ ಸ್ಪ್ಯಾನರ್. ವಾಪಸ್ ಬಂದು ಎಂಜಿನ್ ಪ್ಲೇಟ್, ಹೆಡ್, ಫೋರ್ಕ್, ಹ್ಯಾಂಡಲ್ ಕ್ಲಾಂಪ್, ಆಕ್ಸಲ್ ನಟ್ಟುಗಳನ್ನೆಲ್ಲ ಬಿಗಿ ಮಾಡಿ. ಬುಲೆಟ್ ತನ್ನ ಬೋಲ್ಟನ್ನು ತಾನೇ ಸಡಿಲಿಸುವ ಗಾಡಿ. ಐವತ್ತು ಕಿ.ಮೀ. ಆದಾಗ ಮತ್ತೊಂದು ಸುತ್ತು ಬಿಗಿ ಮಾಡಿ, ಚೈನ್ ನೋಡಿ. ಬೋರ್ ಮಾಡಿಸಿದ್ದರೆ ಮೊದಲ 500 ಕಿ.ಮೀ.ವರೆಗೆ ಗಂಟೆಗೆ 50 ಕಿ.ಮೀ. ವೇಗದ ಒಳಗೇ ಓಡಿಸಿ, ಏರಿನಲ್ಲಿ ಮೇಲಿನ ಗೇರಿನಲ್ಲಿ ಎಳೆಸಬೇಡಿ, ಆಮೇಲೆ ಆಯಿಲ್ ಬದಲಿಸಿ.